ಗುಂಡನಿಗೆ ನಾಲ್ಕು ಸ್ಟಾರ್

ಜೂನ್ 3, ಬೆಳಿಗ್ಗೆ

ಇವತ್ತಿನ ಸುಳ್ಳುಗಳು. ಕೊಕ್ಕರೆಗೆ ಮೊಣಕಾಲು ನೋವಂತೆ. ಗಡಿಯಾರಕ್ಕೆ ನಿದ್ದೆ ಬರುತ್ತಿಲ್ಲವಂತೆ. ಹೋದ ವರ್ಷ ಗೆದ್ದವನು ಇನ್ನೂ ಒಂದು ಕೈ ಮೇಲೆ. “ಈ ಸಲ ಓಟ ಮುಗಿಸಿದರೆ ಸಾಕು, ಗೆಲ್ಲೋ ಮಾತೇ ಇಲ್ಲ” ಅಂದಿದ್ದಾನೆ. ಅಂದರೆ ಗೆಲ್ಲಲೆಂದೇ ಬರುತ್ತಿದ್ದಾನೆ. ಐದು ಸ್ಟಾರ್. ಆ ಸಾಲು ಮುಗಿಯಿತು.

ಕೊಕ್ಕರೆ, ಗಡಿಯಾರ — ನಾನೂ ನಮ್ಮ ಪೇಪರಿನ ಫೋಟೋದವರೂ ಸೇರಿ ಇಟ್ಟ ಹೆಸರು. ಒಬ್ಬನದು ಉದ್ದುದ್ದ ಕಾಲು. ಇನ್ನೊಬ್ಬ ಸಮತಟ್ಟು ರಸ್ತೆಯಲ್ಲಿ ಒಂದೇ ತಾಳಕ್ಕೆ ತುಳಿಯುತ್ತಾನೆ, ಘಟ್ಟ ಬಂದರೆ ನಿಂತುಹೋಗುತ್ತಾನೆ.

ಮೂರು ವಾರದ ಸೈಕಲ್ ಓಟಕ್ಕೆ ಇನ್ನು ಹನ್ನೊಂದು ದಿನ. ಫೇವರಿಟ್ ಪುಟ ನನ್ನದೇ, ಒಂಬತ್ತು ವರ್ಷದಿಂದ. ಯಾರು ಗೆಲ್ಲಬಹುದು, ಯಾರಿಗೆ ಎಷ್ಟು ಸ್ಟಾರ್. ಹೊಸಬರು ಬಂದು ಕೇಳುತ್ತಾರೆ, ಹೇಗೆ ಹೇಳ್ತೀರಿ ಮೇಡಂ ಅಂತ. ಹೇಗೂ ಇಲ್ಲ, ಯಾರನ್ನೂ ನಂಬುವುದಿಲ್ಲ, ಅಷ್ಟೆ. ಓಟಕ್ಕೆ ಮುಂಚೆ ಒಬ್ಬನೇ ಒಬ್ಬ ಸೈಕಲ್ಲಿನವನು ತಾನು ಚೆನ್ನಾಗಿದ್ದೇನೆ ಎಂದು ಬಾಯಿಬಿಡುವುದಿಲ್ಲ. ಚೆನ್ನಾಗಿದ್ದೇನೆ ಅಂದರೆ ಮಿಕ್ಕವರೆಲ್ಲ ಅವನ ಬೆನ್ನಿಗೆ ಬೀಳುತ್ತಾರೆ. ಅದಕ್ಕೇ ಎಲ್ಲರಿಗೂ ಕೆಮ್ಮು, ಎಲ್ಲರಿಗೂ ಸೊಂಟ ನೋವು. ಆಸ್ಪತ್ರೆ ವಾರ್ಡಿಗೆ ಸೈಕಲ್ ಕೊಟ್ಟು ಕಳಿಸಿದ್ದಾರೆ ಅನ್ನಬೇಕು. ಯಾರು ಹೆಚ್ಚು ನರಳುತ್ತಾನೋ ಅವನಿಗೆ ಒಂದು ಸ್ಟಾರ್ ಜಾಸ್ತಿ. ನಗೆಪಾಟಲಿನ ಲೆಕ್ಕ. ಆದರೆ ಹೆಚ್ಚುಕಡಿಮೆ ಪ್ರತಿ ವರ್ಷ ಸರಿಬಂದಿದೆ.

ಜೂನ್ 4

ಅಮ್ಮನ ಫೋನ್. ಪ್ರತಿ ವರ್ಷದ ಅದೇ ಪ್ರಶ್ನೆ.

“ಊರೋರ ಮಕ್ಕಳಿಗೆಲ್ಲ ಸ್ಟಾರ್ ಕೊಡ್ತೀಯಾ. ಒಡಹುಟ್ಟಿದವನಿಗೆ ಒಂದು ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?”

“ಅಮ್ಮಾ, ಅವನು ನೀರು ಹೊರೋನು. ನೀರು ಹೊರೋರಿಗೆ ಸ್ಟಾರ್ ಇಲ್ಲ.”

“ಏನು ಮಾತು ಅಂತ ಆಡ್ತೀಯೇ…”

ನಿಜವನ್ನೇ ಹೇಳಿದ್ದು. ನನ್ನ ತಮ್ಮ ಗುಂಡ ಏಳು ವರ್ಷದಿಂದ ಒಂದೇ ಟೀಮಿನಲ್ಲಿ ಹೆಲ್ಪರ್. ಹಿಂದೆ ಬರುವ ಟೀಮ್ ಕಾರಿನಿಂದ ಬಾಟಲಿ ತೆಗೆದುಕೊಂಡು, ಜೆರ್ಸಿಯೊಳಗೆ ತುರುಕಿಕೊಂಡು, ಮತ್ತೆ ಮುಂದೆ ಹೋಗಿ ಕ್ಯಾಪ್ಟನ್ನಿಗೆ ಕೊಡುವುದು. ಗಾಳಿಗೆ ಎದೆಯೊಡ್ಡಿ ಅವನನ್ನು ಹಿಂದಿಟ್ಟುಕೊಂಡು ಎಳೆಯುವುದು. ಘಟ್ಟದ ಅರ್ಧದಲ್ಲಿ ಕಾಲು ಖಾಲಿಯಾದಾಗ ಪಕ್ಕಕ್ಕೆ ಸರಿಯುವುದು. ಮನೆಯಲ್ಲಿ ಗುಂಡ ಅನ್ನುವುದು ಎಳವೆಯಲ್ಲಿ ಗುಂಡುಗುಂಡಾಗಿದ್ದ ಅಂತ. ಈಗ ಪಕ್ಕೆಲುಬು ಎಣಿಸಬಹುದು.

ಅವನ ಬಗ್ಗೆ ಒಂದು ಸಾಲೂ ಬರೆದಿಲ್ಲ, ಇವತ್ತಿನವರೆಗೆ. ಯಾರೂ ಬೆರಳು ತೋರಿಸಬಾರದು. ನಾನೇ ಹಾಕಿಕೊಂಡ ನಿಯಮ, ನನಗೆ ಹೆಮ್ಮೆಯೇ ಅದು.

ಜೂನ್ 6, ಸಂಜೆ

ಪೂರ್ವಸಿದ್ಧತೆಯ ಸಣ್ಣ ಓಟದಲ್ಲಿ ಗುಂಡನ ಟೀಮಿನ ಕ್ಯಾಪ್ಟನ್ ಬಿದ್ದ. ಒದ್ದೆ ತಿರುವು, ಕತ್ತಿನ ಪಕ್ಕದ ಎಲುಬು ಎರಡು ತುಂಡು. ಈ ವರ್ಷ ಅವನ ಕಥೆ ಮುಗಿಯಿತು.

ಡೆಸ್ಕ್ ಹೆಡ್ಡು ಕುರ್ಚಿ ಎಳೆದುಕೊಂಡು ಬಂದು ಕೂತರು. “ಆ ಟೀಮಿಗೆ ಈಗ ಲೀಡರ್ ಯಾರು?”

“ಯಾರೂ ಇಲ್ಲ ಸರ್.”

“ನಿಮ್ಮ ತಮ್ಮ?”

“ಸರ್, ಜೋಕ್ ಮಾಡ್ಬೇಡಿ.”

ನಕ್ಕೆ. ಅವರು ನಗಲಿಲ್ಲ. ಕೊನೆಯ ಘಟ್ಟದಲ್ಲಿ ಕ್ಯಾಪ್ಟನ್ ಇಲ್ಲದೆ ಒಬ್ಬನೇ ಹತ್ತಿದ ಗುಂಡ ಆರನೆಯವನಾಗಿ ಬಂದಿದ್ದಾನೆ. ಅದು ನಾನೂ ನೋಡಿದ್ದೆ. ನೋಡಿಯೂ ನೋಡದ ಹಾಗೆ ಇದ್ದೆ.

ಜೂನ್ 7, ಮಧ್ಯಾಹ್ನ

ಗುಂಡ ಫೋನ್ ಮಾಡಿದ್ದ. ಹೋಟೆಲ್ ರೂಮಿನಿಂದ. ಹಿಂದೆ ಟಿವಿ ಸದ್ದು.

“ಅಕ್ಕ, ಮೈ ಯಾಕೋ ಸರಿ ಇಲ್ಲ ಕಣೆ.”

ನಾನು ಬಿದ್ದು ಬಿದ್ದು ನಕ್ಕೆ. “ಲೋ, ನನ್ನ ಹತ್ರಾನೂ ಶುರು ಮಾಡಿದ್ಯಾ? ಮೊಣಕಾಲೋ ಕೆಮ್ಮೋ?”

“ಇಲ್ಲ ಕಣೆ, ನಿಜವಾಗ್ಲೂ. ಎದೆ ಹಿಡಿದ ಹಾಗೆ ಆಗುತ್ತೆ. ಕಾಲು ಖಾಲಿ.”

“ಆರನೇ ಜಾಗ ಬಂದೋನ ಕಾಲು ಖಾಲಿ! ಇರು, ಬರ್ಕೋತೀನಿ. ಒಂದು ಸ್ಟಾರ್ ಜಾಸ್ತಿ.”

ಟಿವಿ ಆರಿಸಿದ. ಆಮೇಲೆ ಅವನೂ ನಕ್ಕ. “ನಿನ್ನ ಬಾಯಿಗೆ ಬಿದ್ದು ಉಳಿದವರುಂಟಾ” ಅಂದ. ಅಮ್ಮನ ಕಾಲುನೋವು ಕೇಳಿದ. ಇಟ್ಟುಬಿಟ್ಟ.

ಒಂದು ವಿಷಯಕ್ಕೆ ಖುಷಿಯಾಯಿತು. ಲೀಡರುಗಳ ಭಾಷೆ ಕಲಿತಿದ್ದಾನೆ. ಹೆಲ್ಪರುಗಳು ಹೀಗೆ ನಾಟಕ ಆಡುವುದಿಲ್ಲ. ಅವರು ಹೇಗಿದ್ದರೆ ಯಾರಿಗೆ ಬೇಕು? ಮೈ ಸರಿ ಇಲ್ಲ ಅನ್ನುತ್ತಾನೆಂದರೆ ತಲೆಯಲ್ಲಿ ಏನೋ ಇದೆ. ಟೀಮಿನವರು ಇವನನ್ನೇ ಮುಂದೆ ಬಿಡುತ್ತಿದ್ದಾರೆ.

ಜೂನ್ 8, ಬೆಳಿಗ್ಗೆ

ಮೊನ್ನೆಯ ಘಟ್ಟದ ಫೈಲ್ ಕಳಿಸೋ ಅಂದಿದ್ದೆ. ಮೊದಲು ಬೇಡ ಅಂದ, ಆಮೇಲೆ ಕಳಿಸಿದ. ಎಷ್ಟು ಶಕ್ತಿ ಹಾಕಿ ತುಳಿದ, ಹೃದಯ ಎಷ್ಟು ಬಡಿಯಿತು, ಎಲ್ಲ ಅದರಲ್ಲಿ ಗೆರೆಗಳಾಗಿ ಇರುತ್ತದೆ, ಸೈಕಲ್ಲಿನ ಮೀಟರ್ ಬರೆದಿಟ್ಟದ್ದು. ಸೈಕಲ್ಲಿನವರು ಹೆಂಡತಿಗೂ ತೋರಿಸದ ವಸ್ತು.

ಹೋದ ವರ್ಷ ಇದೇ ಘಟ್ಟದಲ್ಲಿ ಅವನು ಹತ್ತಿದ್ದ ಫೈಲೂ ನನ್ನ ಹತ್ತಿರ ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಅಷ್ಟೇ ಶಕ್ತಿ, ಒಂದು ಹಿಡಿ ಹೆಚ್ಚೇ ಅನ್ನಬಹುದು. ಹೃದಯದ ಬಡಿತ ಮಾತ್ರ ನಿಮಿಷಕ್ಕೆ ಹತ್ತು ಹನ್ನೆರಡು ಕಡಿಮೆ. ಅದೇ ಕೆಲಸ, ಹೃದಯಕ್ಕೆ ಇಷ್ಟು ಕಡಿಮೆ ಶ್ರಮ! ಇಂಥ ಗೆರೆಯನ್ನು ಹಿಂದೆ ಒಂದೇ ಒಂದು ಸಲ ನೋಡಿದ್ದೆ. ಅದು ಯಾರದಾಗಿತ್ತೋ ಅವನೇ ಆ ವರ್ಷ ಗೆದ್ದಿದ್ದ.

ಎದ್ದು ಎರಡು ಸುತ್ತು ಹಾಕಿದೆ. ಕ್ಯಾಂಟೀನಿನಲ್ಲಿ ಕಾಫಿ ಕುಡಿದೆ, ಬಿಸಿ ಇತ್ತೋ ತಣ್ಣಗಿತ್ತೋ ಗೊತ್ತಾಗಲಿಲ್ಲ. ನಮ್ಮ ಗುಂಡ! ನೀರು ಹೊತ್ತು ಹೊತ್ತು ಬೆನ್ನು ಬಾಗಿಸಿಕೊಂಡವನು! ಇಷ್ಟು ದಿನ ನಾನೇ ಅವನನ್ನು ಕೀಳಾಗಿ ಕಂಡೆನೇನೋ ಅಂತ ಅಳುವೇ ಬಂತು.

ಜೂನ್ 9

ಅಮ್ಮನ ಫೋನ್. ಧ್ವನಿ ಸಣ್ಣಗಿತ್ತು.

“ಅವನು ಸಪ್ಪಗೆ ಮಾತಾಡಿದ ಕಣೇ. ಎದೆ ಹಿಡಿದ ಹಾಗೆ ಆಗುತ್ತೆ ಅಂದ. ನಂಗ್ಯಾಕೋ ಜೀವ ತಡೀತಿಲ್ಲ.”

“ಅಮ್ಮಾ, ಅದೆಲ್ಲ ನಾಟಕ. ಅವರು ಎಲ್ಲರೂ ಹಾಗೇ ಹೇಳೋದು. ನಾನು ಅವನ ಲೆಕ್ಕ ಎಲ್ಲ ನೋಡಿದೀನಿ. ಅವನ ಜನ್ಮದಲ್ಲೇ ಇಷ್ಟು ಚೆನ್ನಾಗಿರಲಿಲ್ಲ.”

“ಹೌದಾ?”

“ಹೌದು. ನೆಮ್ಮದಿಯಾಗಿ ಮಲಗು.”

“ನೀನು ಹೇಳಿದ ಮೇಲೆ ಸರಿ ಬಿಡು.”

ಜೂನ್ 10, ಸಂಜೆ

ಪುಟ ಮುಗಿಸಿ ಕೊಟ್ಟೆ. ಹೋದ ವರ್ಷ ಗೆದ್ದವನಿಗೆ ಐದು. ಕೊಕ್ಕರೆಗೆ ನಾಲ್ಕು. ಗಡಿಯಾರಕ್ಕೆ ಎರಡು. ಗುಂಡನಿಗೆ…

ಒಂದು ಹಾಕಿದೆ. ಅಳಿಸಿದೆ. ಒಂದೇ ಒಂದು ಸ್ಟಾರ್ ಹಾಕಿದರೆ ತಮ್ಮನೆಂದು ದಾನ ಮಾಡಿದ ಹಾಗೆ. ನಿಜ ಬರೆಯುವುದಾದರೆ ಪೂರ್ತಿ ಬರೆಯಬೇಕು. ನಾಲ್ಕು ಹಾಕಿದೆ. ಕೆಳಗೆ ಒಂದು ಸಾಲು, ಈತ ನನ್ನ ತಮ್ಮ, ಓದುಗರು ಅದನ್ನು ಗಮನದಲ್ಲಿಟ್ಟುಕೊಳ್ಳಲಿ ಎಂದು. ಡೆಸ್ಕ್ ಹೆಡ್ಡು ಓದಿ ಬೆನ್ನು ತಟ್ಟಿದರು. “ಇದು ಧೈರ್ಯ ಅಂದ್ರೆ” ಅಂದರು. ಫೈಲಿನ ಅಂಕಿ ಹಾಕಲಿಲ್ಲ. ನಂಬಿ ಕೊಟ್ಟಿದ್ದು. “ನಾನು ಕಂಡದ್ದನ್ನು ನೀವು ಕಂಡಿದ್ದರೆ ಐದು ಕೊಡುತ್ತಿದ್ದಿರಿ” ಎಂದಷ್ಟೇ ಬರೆದೆ. ಜಂಬದ ಸಾಲು. ಆದರೂ ಇಟ್ಟುಕೊಂಡೆ.

ಜೂನ್ 11

ಪುಟ ಬಂತು. ಹನ್ನೊಂದು ಗಂಟೆಗೆ ಗುಂಡನ ಟೀಮಿನ ಮ್ಯಾನೇಜರ್ ಪ್ರೆಸ್ ಮೀಟಿನಲ್ಲಿ ನಮ್ಮ ಪೇಪರ್ ಎತ್ತಿ ತೋರಿಸಿದ. “ಈ ಮೇಡಂ ಯಾರನ್ನೂ ಸುಮ್ಮನೆ ಹೊಗಳೋರಲ್ಲ, ತಮ್ಮನನ್ನಂತೂ ಮೊದಲೇ ಅಲ್ಲ. ನಾವೂ ಯೋಚಿಸ್ತಾ ಇದ್ವಿ, ಈಗ ತೀರ್ಮಾನ ಆಯ್ತು. ನಮ್ಮ ಲೀಡರ್ ಇವನೇ.” ಎಲ್ಲ ಚಪ್ಪಾಳೆ. ಫೋಟೋದವರು ತೆಗೆದ ಚಿತ್ರದಲ್ಲಿ ಗುಂಡ ತಲೆ ತಗ್ಗಿಸಿದ್ದಾನೆ.

ಅವನ ಮೆಸೇಜ್ ಬಂತು. ಎರಡೇ ಪದ. “ಯಾಕೆ ಅಕ್ಕ?”

ನಾಚಿಕೆ ಸ್ವಭಾವದವನು, ಮೊದಲಿಂದಲೂ. “ನಿನ್ನ ಯೋಗ್ಯತೆ ಕಣೋ” ಎಂದು ಕಳಿಸಿದೆ.

ಜೂನ್ 19

ಐದು ದಿನದಿಂದ ಓಟದ ಜೊತೆಗೇ ಇದ್ದೇನೆ. ಪ್ರೆಸ್ ಕಾರು, ಪ್ರೆಸ್ ರೂಮು, ಯಾವುದೋ ಶಾಲೆಯ ಜಿಮ್ನೇಷಿಯಂ, ಪ್ಲಾಸ್ಟಿಕ್ ಕುರ್ಚಿ, ಎಲ್ಲರಿಗೂ ಸಾಲದ ಪ್ಲಗ್ ಪಾಯಿಂಟಿಗೆ ಜಗಳ. ಬರೆಯಲು ಪುರುಸೊತ್ತಿಲ್ಲ.

ಗುಂಡ ಒಂಬತ್ತನೆಯ ಜಾಗದಲ್ಲಿದ್ದಾನೆ! ಈಗ ಬೇರೆಯವರು ಅವನಿಗೆ ಬಾಟಲಿ ತಂದು ಕೊಡುತ್ತಾರೆ. ಇವನು ಥ್ಯಾಂಕ್ಸ್ ಹೇಳುತ್ತಾನೆ, ಅವರು ನಗುತ್ತಾರೆ. ಥ್ಯಾಂಕ್ಸ್ ಹೇಳುವ ಲೀಡರನ್ನು ಅವರು ಕಂಡೇ ಇಲ್ಲ. ಪ್ರೆಸ್ ರೂಮಿನಲ್ಲಿ ನನಗೆ ಹೊಸ ಮರ್ಯಾದೆ. “ನಿಮಗೆ ಹೇಗೆ ಗೊತ್ತಾಯ್ತು?” ಎಂದು ಬೇರೆ ಪೇಪರಿನವರು ಬಂದು ಹಲ್ಲು ಕಿರಿಯುತ್ತಾರೆ. ನಾನೂ ಕಿರಿಯುತ್ತೇನೆ. ನನ್ನ ಕಾಲು ನೆಲದ ಮೇಲಿಲ್ಲ.

ಜೂನ್ 22, ಮಧ್ಯಾಹ್ನ. ವಿಶ್ರಾಂತಿಯ ದಿನ

ಟೀಮಿನ ಹೋಟೆಲಿಗೆ ಹೋಗಿದ್ದೆ. ಗುಂಡ ಮೆಟ್ಟಿಲ ಮೇಲೆ ಕೂತಿದ್ದ. ಎರಡನೇ ಮಹಡಿಗೆ ಹೋಗುವ ಮೆಟ್ಟಿಲಿನ ಅರ್ಧದಲ್ಲಿ, ಗೋಡೆಗೆ ತಲೆಯಾನಿಸಿ. ನನ್ನನ್ನು ನೋಡಿ ಎದ್ದ. ಎದ್ದದ್ದು ಕಂಬಿ ಹಿಡಿದುಕೊಂಡು.

“ಏನೋ ಇಲ್ಲಿ?”

“ಸುಮ್ನೆ. ಲಿಫ್ಟಿಗೆ ಕ್ಯೂ ಇತ್ತು.”

ಲಿಫ್ಟಿನ ಮುಂದೆ ಒಬ್ಬರೂ ಇರಲಿಲ್ಲ. ಅವನ ತುಟಿಯ ಬಣ್ಣ ಚೆನ್ನಾಗಿರಲಿಲ್ಲ. ಊಟಕ್ಕೆ ಕೂತಾಗ ಅನ್ನವನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ಸರಿಸಿದ. ಜೋಕು ಹೇಳಿದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆಮೇಲೆ ಟೀಮಿನ ಮಸಾಜಿನವರು ನನ್ನನ್ನು ಪಾರ್ಕಿಂಗಿನಲ್ಲಿ ನಿಲ್ಲಿಸಿದರು. ದೊಡ್ಡ ಕೈಯ ಹೆಂಗಸು. ದಿನಾ ಅವನ ಕಾಲು ತಿಕ್ಕುವವರು. ಸುತ್ತ ನೋಡಿ ಹೇಳಿದರು.

“ಮೇಡಂ, ಮೇ ತಿಂಗಳಲ್ಲಿ ಅವರಿಗೆ ಜ್ವರ ಬಂದಿತ್ತು. ಚಳಿ ಜ್ವರ, ನಾಲ್ಕು ದಿನ ಮೇಲೇಳಲಿಲ್ಲ. ಡಾಕ್ಟರಿಗೆ ಹೇಳ್ಬೇಡ ಅಂತ ನನ್ನಿಂದ ಆಣೆ ಹಾಕಿಸ್ಕೊಂಡ್ರು. ಹೇಳಿದ್ರೆ ಓಟಕ್ಕೆ ಕರ್ಕೊಂಡು ಹೋಗಲ್ಲ ಅಂತ. ಆವಾಗಿಂದ ಅವರು ಸರಿ ಇಲ್ಲ. ನಿಮಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ.”

ಹೇಳಿದ್ದ. ನನಗೇ ಹೇಳಿದ್ದ. ನಿಜವಾಗ್ಲೂ ಅಂದಿದ್ದ.

ಅದೇ ದಿನ, 4 ಗಂಟೆ

ಕಾರಿನಲ್ಲಿ ಕೂತು ಫೈಲ್ ಮತ್ತೆ ತೆಗೆದೆ. ಘಟ್ಟದ ಕೊನೆಯ ಭಾಗ. ಅವನು ಸೀಟಿನಿಂದೆದ್ದು ಜೋರಾಗಿ ತುಳಿಯುತ್ತಾನೆ, ಶಕ್ತಿಯ ಗೆರೆ ಮೇಲಕ್ಕೆ ಹೋಗುತ್ತದೆ. ಹೃದಯದ ಗೆರೆ ಅಲ್ಲಾಡುವುದೇ ಇಲ್ಲ. ಚೆನ್ನಾಗಿರುವವನ ಹೃದಯ ನಿಧಾನ ಬಡಿದರೂ ಜೋರಾಗಿ ತುಳಿದಾಗ ಏಳುತ್ತದೆ. ಇವನದು ಏಳಲಿಲ್ಲ. ಏಳಲಾಗಲಿಲ್ಲ. ಅದು ಆರಾಮಾಗಿರಲಿಲ್ಲ, ಸೋತಿತ್ತು. ಆ ಕೊನೆಯ ಭಾಗ ಅವತ್ತೂ ನನ್ನ ಕಣ್ಣ ಮುಂದೆಯೇ ಇತ್ತು. ಮೊದಲ ಅರ್ಧ ನೋಡಿಯೇ ಎದ್ದು ಕಾಫಿಗೆ ಹೋಗಿದ್ದೆ, ಮುಠ್ಠಾಳಿ. ಅವನು ಬಾಯಿಬಿಟ್ಟು ಹೇಳಿದ್ದನ್ನು ಅಂಕಿಯೂ ಹೇಳುತ್ತಿತ್ತು. ಎರಡನ್ನೂ ತಿರುಗಿಸಿ ಓದಿದೆ.

ಅದೇ ದಿನ, ಸಂಜೆ

ಗುಂಡನ ರೂಮು. ಅವನು ಕಾಲನ್ನು ಗೋಡೆಗೆ ಎತ್ತಿ ಮಲಗಿದ್ದ. ಬಾಗಿಲು ಹಾಕಿ ಹೇಳಿದೆ.

“ಓಟ ಬಿಡು. ಇವತ್ತೇ. ನಾನು ಬರೆದದ್ದು ತಪ್ಪು. ನಿನ್ನ ಮೈ ಸರಿ ಇಲ್ಲ.”

ಮಲಗಿದಲ್ಲಿಂದಲೇ ನಕ್ಕ. “ಈಗ ನೀನೂ ಶುರು ಮಾಡಿದ್ಯಾ?”

“ಏನು ಶುರು?”

“ಅದೇ, ಇವನಿಂದ ಆಗಲ್ಲ ಅಂತ ಸುದ್ದಿ ಬಿಡೋದು. ನಾಡಿದ್ದು ಘಟ್ಟ ಇದೆ, ಎಲ್ಲ ನನ್ನ ಮರೀಲಿ ಅಂತ. ಒಳ್ಳೆ ಉಪಾಯ ಬಿಡು. ಆದ್ರೆ ನನ್ನ ಹತ್ರ ಯಾಕೆ ನಾಟಕ?”

“ನಾಟಕ ಅಲ್ಲ ಕಣೋ! ಜ್ವರದ ವಿಷಯ ಗೊತ್ತಾಯ್ತು ನಂಗೆ.”

ಆಗ ಎದ್ದು ಕೂತ. ಆಮೇಲೆ ಹೇಳಿದ್ದನ್ನು ಅವನ ಮಾತಲ್ಲೇ ಬರೆದಿಡುತ್ತೇನೆ.

“ಅಕ್ಕ, ನಿಂಗೆ ಫೋನ್ ಮಾಡ್ದಾಗ ನಾನು ಬಿಟ್ಟುಬಿಡೋಣ ಅಂತಾನೇ ಇದ್ದೆ. ಮ್ಯಾನೇಜರಿಗೆ ಏನು ಹೇಳ್ಬೇಕು ಅಂತಾನೂ ಯೋಚ್ನೆ ಮಾಡ್ಕೊಂಡಿದ್ದೆ. ಆಮೇಲೆ ನಿನ್ನ ಪುಟ ಬಂತು. ನಾಲ್ಕು ಸ್ಟಾರ್. ನೀನು ಜನ್ಮದಲ್ಲಿ ನನ್ನ ಹೊಗಳಿಲ್ಲ. ಅಕ್ಕ ಸುಮ್ನೆ ಬರೆಯಲ್ಲ, ಅವಳಿಗೆ ಕಂಡಿದೆ ಅಂದ್ರೆ ಇರಬೇಕು, ನಂಗೇ ಗೊತ್ತಾಗ್ತಿಲ್ಲ ಅಂದ್ಕೊಂಡೆ. ನನ್ನ ಮೈಗಿಂತ ನಿನ್ನ ಲೆಕ್ಕ ನಂಬಿದೆ. ನೋಡು, ಒಂಬತ್ತನೇ ಜಾಗ. ನಿಂದೇ ಸರಿ ಆಯ್ತಲ್ಲ.”

ಅತ್ತೆ. ಅವನ ಮುಂದೆಯೇ ಅತ್ತೆ. ಅವನು ಗಾಬರಿಯಾಗಿ ನೀರು ತಂದುಕೊಟ್ಟ. ಅಭ್ಯಾಸ ಅವನಿಗೆ.

“ಬರೀತೀನಿ” ಅಂದೆ. “ನಾಳೆ ಪೇಪರಲ್ಲಿ ಬರೀತೀನಿ, ಜ್ವರ ಎಲ್ಲ.”

“ಬರೆದ್ರೆ ನನ್ನ ನಿನ್ನ ಮಾತು ಇಲ್ಲಿಗೆ ಮುಗೀತು.” ಸಿಟ್ಟಿರಲಿಲ್ಲ, ಮೆತ್ತಗೆ ಹೇಳಿದ. “ಜ್ವರ ಬಚ್ಚಿಟ್ಟೋನನ್ನ ಮುಂದೆ ಯಾವ ಟೀಮೂ ಸೇರಿಸ್ಕೊಳ್ಳಲ್ಲ. ಮಸಾಜಮ್ಮನ ಕೆಲಸಾನೂ ಹೋಗುತ್ತೆ. ಹತ್ತು ಹನ್ನೆರಡು ದಿನ ಅಷ್ಟೆ. ಬಿಡು.”

ಜೂನ್ 23, ಬೆಳಿಗ್ಗೆ

ಟೀಮ್ ಡಾಕ್ಟರನ್ನು ಬಸ್ಸಿನ ಹತ್ತಿರ ಹಿಡಿದೆ. ಜ್ವರ ಅನ್ನಲಿಲ್ಲ. ಹೃದಯದ ಬಡಿತ ಏಳುತ್ತಿಲ್ಲ, ನೋಡಿ ಎಂದೆ. ಭುಜ ಕುಣಿಸಿದ.

“ಎರಡನೇ ವಾರದಲ್ಲಿ ಯಾರ ಹಾರ್ಟೂ ಏಳಲ್ಲ ಮೇಡಂ. ಸುಸ್ತು. ಓಟಕ್ಕೆ ಮುಂಚೆ ಇಸಿಜಿ ಮಾಡಿದೀವಿ, ಚೆನ್ನಾಗಿತ್ತು. ಎಲ್ಲರಿಗೂ ಧೈರ್ಯ ಹೇಳಿದೋರು ನೀವೇ, ಈಗ ನೀವೇ ಹೀಗೆ ಹೆದರಿದ್ರೆ ಹೇಗೆ?”

ಜ್ವರ ಅಂದಿದ್ದರೆ? ಗುಂಡನ ಮುಖ ಅಡ್ಡ ಬಂತು. ಮಸಾಜಿನವರು ದೂರದಿಂದ ನನ್ನನ್ನೇ ನೋಡುತ್ತಾ ನಿಂತಿದ್ದರು, ಕೈಯಲ್ಲಿ ಟವಲ್ಲು. ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ನುಂಗಿದೆ. ನುಂಗಬಾರದಿತ್ತು.

ವಿಶ್ರಾಂತಿಯ ದಿನದ ಮಾರನೆಯ ದಿನ ಹೊಸ ಸ್ಟಾರ್ ಪಟ್ಟಿ ಕೊಡಬೇಕು. ಡೆಸ್ಕ್ ಹೆಡ್ಡು ಮೂರು ಸಲ ಫೋನ್ ಮಾಡಿದರು. “ನಿಮ್ಮ ತಮ್ಮನಿಗೆ ಐದು ಮಾಡೋಣ್ವಾ?” ಎಂದರು. ನಾನು ಸೊನ್ನೆ ಹಾಕಬೇಕಿತ್ತು. ಸೊನ್ನೆ ಹಾಕಿದರೆ ಯಾಕೆ ಅನ್ನುತ್ತಾರೆ, ಯಾಕೆ ಅಂದರೆ ಜ್ವರ ಹೇಳಬೇಕು. ಮೂರು ಹಾಕಿದೆ. ಮೂರು! ಅತ್ತ ನಿಜವೂ ಅಲ್ಲ, ಇತ್ತ ಸುಳ್ಳೂ ಅಲ್ಲ. ಹೇಡಿ ಹಾಕುವ ಸ್ಟಾರು. ನನ್ನ ಮೇಲೆ ನನಗೇ ಅಸಹ್ಯ.

ಜೂನ್ 24

ಘಟ್ಟ. ಗುಂಡ ಕಳೆದುಕೊಂಡ ಸಮಯ ಸ್ವಲ್ಪವೇ. ಕೊನೆಯ ಗೆರೆ ದಾಟಿದ ಮೇಲೆ ಬ್ಯಾರಿಕೇಡಿಗೆ ಒರಗಿ ತುಂಬ ಹೊತ್ತು ನಿಂತಿದ್ದ. ಮಿಕ್ಕವರೂ ಒರಗಿದ್ದರು. ಯಾರು ಬರೀ ಸುಸ್ತಾಗಿದ್ದಾರೆ, ಯಾರು ಅದಕ್ಕಿಂತ ಹೆಚ್ಚು, ನೋಡಿದರೆ ತಿಳಿಯುವುದಿಲ್ಲ. ಒಂಬತ್ತು ವರ್ಷದಿಂದ ನೋಡಿಯೇ ಹೇಳಬಲ್ಲೆ ಅಂದುಕೊಂಡಿದ್ದೆ.

ಮಾತಾಡಿಸಲು ಹೋದೆ. “ಪ್ರೆಸ್‌ನವರು ಆ ಕಡೆ” ಅಂದ, ನಗುತ್ತಾ. ತಮಾಷೆಯೇ ಇರಬೇಕು.

ಜೂನ್ 26, ಸಂಜೆ

ಇವತ್ತು ಗುಂಡ ಏಳನೇ ಜಾಗಕ್ಕೇರಿದ. ಕೊಕ್ಕರೆಯ ಹಿಂದಿನ ಚಕ್ರಕ್ಕೆ ಅಂಟಿಕೊಂಡವನು ಕೊನೆಯವರೆಗೂ ಬಿಡಲಿಲ್ಲ. ಮುಖಕ್ಕೆ ಕಳೆ ಬಂದಿತ್ತು, ಕಣ್ಣು ಹೊಳೆಯುತ್ತಿತ್ತು. ಊಟ ಚೆನ್ನಾಗಿ ಮಾಡಿದ ಎಂದು ಮಸಾಜಿನವರು ಹೇಳಿದರು. ಅವರ ಮುಖವೂ ಅರಳಿತ್ತು.

ಹಾಗಾದರೆ? ಮೊದಲು ಓದಿದ್ದೇ ಸರಿಯೇನೋ. ಎರಡನೇ ಸಲ ಓದಿದ್ದು ಹೆದರಿಕೆಯೇನೋ. ಜ್ವರ ಬಂದವರೆಲ್ಲ ಏನಾಗುತ್ತಾರೆ? ಬಿಟ್ಟುಹೋಗುತ್ತದೆ. ಡಾಕ್ಟರಿಗಿಂತ ನನಗೆ ಹೆಚ್ಚು ಗೊತ್ತಾ?

ಅಮ್ಮನ ಫೋನ್. ಪಕ್ಕದ ಮನೆಯವರೆಲ್ಲ ಬಂದು ನಮ್ಮ ಟಿವಿ ಮುಂದೆಯೇ ಕೂತಿರುತ್ತಾರಂತೆ. “ನೀನು ಅವತ್ತೇ ಹೇಳಿದ್ಯಲ್ಲೇ! ನಾನೇ ಸುಮ್ನೆ ಹೆದರಿದ್ದೆ.” ನಾನು ಹ್ಞೂಂ ಅಂದೆ. ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬರಬಹುದು ಅನ್ನಿಸುತ್ತಿದೆ.

ಜೂನ್ 28, 3.20

ದೊಡ್ಡ ಘಟ್ಟದ ದಿನ. ಪ್ರೆಸ್ ರೂಮು, ಮೂಲೆಯ ಟಿವಿ. ವರದಿ ಶುರು ಮಾಡಿಲ್ಲ. ಕೈ ಸುಮ್ಮನಿರಲು ಒಲ್ಲದು, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮುಂದೆ ಆರು ಜನ. ಗುಂಡ ಅವರಲ್ಲೊಬ್ಬ! ಕೊಕ್ಕರೆ ಎಳೆಯುತ್ತಿದ್ದಾನೆ. ಗುಂಡ ಎರಡನೆಯವನು. ಜೆರ್ಸಿಯ ಜಿಪ್ಪು ಹೊಟ್ಟೆಯವರೆಗೆ ತೆರೆದಿದೆ. ಬಿಸಿಲು. ಬಾಯಿ ತೆರೆದಿದೆ, ಎಲ್ಲರದೂ ತೆರೆದಿದೆ.

ಬೇರೆ ಪೇಪರಿನವನು ನನ್ನ ಭುಜ ತಟ್ಟಿದ. “ನಾಲ್ಕು ಸ್ಟಾರ್ ಕಮ್ಮಿ ಆಯ್ತು ಮೇಡಂ.”

3.31

ಹಿಂದೆ ಬಿದ್ದ. ಒಂದು ಸೈಕಲ್ಲಿನಷ್ಟು. ಎರಡು. ತಿರುಗಿ ನೋಡಿದ, ಹಿಂದೆ ಯಾರಾದರೂ ಇದ್ದಾರಾ ಎಂದು. ಒಂದು ಕೈ ಹ್ಯಾಂಡಲ್ ಬಿಟ್ಟು ಎದೆಯ ಮೇಲೆ ಇಟ್ಟುಕೊಂಡ. ರೇಡಿಯೋದ ವೈರು ಸರಿಮಾಡುತ್ತಿದ್ದಾನೆ ಎಂದು ಟಿವಿಯವನು ಹೇಳುತ್ತಿದ್ದಾನೆ. ಅಲ್ಲ.

ಇಳಿ. ಗುಂಡ, ಇಳಿಯೋ. ಇಳಿ.

3.34

ಹೆಲಿಕಾಪ್ಟರ್ ಕ್ಯಾಮೆರಾ ಕೆರೆ ತೋರಿಸುತ್ತಿದೆ. ಮುಂದೆ ಹೋದ ಐದು ಜನರನ್ನೂ ತೋರಿಸುತ್ತಿಲ್ಲ. ಕೆರೆ, ಕೆರೆಯ ದಂಡೆಯ ಮರ, ಒಂದು ದೋಣಿ. ಈ ರೂಮಿನಲ್ಲಿರುವ ಎಲ್ಲರಿಗೂ ಗೊತ್ತು, ಯಾವಾಗ ಹೀಗೆ ಕೆರೆ ತೋರಿಸುತ್ತಾರೆ ಎಂದು. ಕೀಬೋರ್ಡುಗಳ ಸದ್ದು ನಿಂತಿದೆ. ಯಾರೂ ನನ್ನ ಕಡೆ ನೋಡುತ್ತಿಲ್ಲ.

ಇನ್ನೂ ಕೆರೆ.

ಫೋಟೋದವರ ಫೋನ್, ರಸ್ತೆಯಿಂದ. ನನ್ನ ಹೆಸರು ಹಿಡಿದು ಕರೆದರು, ಮೇಡಂ ಅನ್ನಲಿಲ್ಲ.

ಜುಲೈ 3, ಬೆಳಿಗ್ಗೆ

ಮೊನ್ನೆ ಎಲ್ಲ ಮುಗಿಯಿತು. ಅಮ್ಮನ ಮನೆಯಲ್ಲಿ, ಅವನ ರೂಮಿನಲ್ಲಿ ಕೂತಿದ್ದೇನೆ. ಹೊರಗೆ ಜನ. ಬಾಡಿಗೆ ಕುರ್ಚಿಗಳು, ಚಪ್ಪಲಿ ರಾಶಿ, ಪೇಪರ್ ಲೋಟಗಳಲ್ಲಿ ಟೀ.

ಆಸ್ಪತ್ರೆಯ ಡಾಕ್ಟರು ನನಗೆ ಮಾತ್ರ ಹೇಳಿದ್ದು. ಜ್ವರ ಹೃದಯದ ಮಾಂಸಕ್ಕೆ ಇಳಿದಿತ್ತು. ಮಲಗಿ ವಿಶ್ರಾಂತಿ ಪಡೆದಿದ್ದರೆ ಎರಡು ಮೂರು ತಿಂಗಳಲ್ಲಿ ತಾನಾಗಿ ವಾಸಿಯಾಗುತ್ತಿತ್ತು. “ಅವರು ಮೊದಲೇ ಯಾರ ಹತ್ತಿರವೂ ಹೇಳಿರಲಿಲ್ವಾ?” ಎಂದು ಕೇಳಿದರು. ಹೇಳಿದ್ದ ಅಂದೆ. ಯಾರ ಹತ್ತಿರ ಎಂದು ಅವರು ಕೇಳಲಿಲ್ಲ.

ಅಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. ಅವಳು ನನ್ನ ಪುಟವನ್ನು ಮಡಿಕೆ ಬೀಳದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾಳೆ. ಬಂದವರಿಗೆಲ್ಲ ತೋರಿಸುತ್ತಾಳೆ. ಅಳುವುದು ನಿಂತದ್ದೇ ಅದನ್ನು ತೋರಿಸುವಾಗ. “ನಂಗೂ ಮೊದಲು ಭಯ ಆಗಿತ್ತು. ಎದೆ ಹಿಡಿಯುತ್ತೆ ಅಂತಿದ್ದ. ಆದ್ರೆ ಇವಳು ಎಲ್ಲ ನೋಡಿ ಹೇಳಿದ್ಳು, ಅವನ ಜನ್ಮದಲ್ಲೇ ಇಷ್ಟು ಚೆನ್ನಾಗಿರಲಿಲ್ಲ ಅಂತ. ಒಂದು ದಿನಾನೂ ನರಳಲಿಲ್ಲ ನನ್ನ ಮಗು. ಚೆನ್ನಾಗಿರೋವಾಗಲೇ ಹೋದ.” ಆಮೇಲೆ ನನ್ನ ಕಡೆ ತಿರುಗುತ್ತಾಳೆ. ಹೌದಲ್ವೇನೇ, ಅನ್ನುತ್ತಾಳೆ.

ಹೌದು ಅಮ್ಮ, ಅನ್ನುತ್ತೇನೆ. ಮೊನ್ನೆಯಿಂದ ಅದನ್ನೇ ಅನ್ನುತ್ತಿದ್ದೇನೆ. ಇವತ್ತು ಹೇಳಿಬಿಡಬೇಕು ಎಂದು ಬೆಳಿಗ್ಗೆ ಅಡುಗೆಮನೆಗೆ ಹೋದೆ. ಅವಳು ಹಾಲು ಕಾಯಿಸುತ್ತಾ ನಿಂತಿದ್ದಳು. ಐದು ದಿನದಲ್ಲಿ ಮೊದಲ ಸಲ ತಲೆ ಬಾಚಿಕೊಂಡಿದ್ದಳು. “ಅಮ್ಮಾ” ಅಂದೆ. “ಏನೇ?” ಅಂದಳು. “ಸಕ್ಕರೆ ಎಲ್ಲಿದೆ?” ಅಂದೆ.

ಗೇಟಿನ ಸದ್ದು. ಇನ್ಯಾರೋ ಬಂದರು. ಅಮ್ಮ ಹಜಾರದಿಂದ ಕರೆಯುತ್ತಿದ್ದಾಳೆ.

“ಬಾರೇ ಇಲ್ಲಿ, ಅವನ ಸ್ಕೂಲಿನ ಮೇಷ್ಟ್ರು ಬಂದಿದಾರೆ. ಅವನು ಎಷ್ಟು ಚೆನ್ನಾಗಿದ್ದ ಅಂತ ಇವರಿಗೂ ಒಂಚೂರು ಹೇಳು ಬಾ.”

ಬಂದೆ ಅಮ್ಮ, ಅಂದೆ.